ಮುತ್ತು ಬದಲಾಯಿಸಿ, ಆದರೆ ಬಿಲ್ಲಿನಲ್ಲಿ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಡೈವ್ ವಾಚುಗಳ ಬಗ್ಗೆ ಬಂದ ಲೇಖನವನ್ನು ಸಂತೋಷದಿಂದಲೇ ಓದಲು ಕುಳಿತೆ. ನಮ್ಮ ಕಸುಬಿನ ಮಾತು ಪತ್ರಿಕೆಗಳಲ್ಲಿ ಬರುವುದೇ ಅಪರೂಪ. ಬಂದರೂ ಹರಾಜಿನ ಬೆಲೆಯ ಸುದ್ದಿಯಾಗಿ ಬರುತ್ತದೆ, ರಿಪೇರಿಯ ಸುದ್ದಿಯಾಗಿ ಅಲ್ಲ. ಆದರೆ ಲೇಖನದಲ್ಲಿದ್ದ ಎರಡು ಸಲಹೆಗಳನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಒಂದು, ಡಯಲ್ ಮತ್ತು ಮುಳ್ಳುಗಳ ಮೇಲಿನ ಹಳೆಯ ಬಣ್ಣವನ್ನು ಸೂಜಿಯಿಂದ ಕೆರೆದು ತೆಗೆದು, ಅಂಚೆಯಲ್ಲಿ ತರಿಸಿದ ಪುಡಿಯನ್ನು ತುಂಬಿದರೆ ವಾಚು ಕತ್ತಲಲ್ಲಿ ಮತ್ತೆ ಬೆಳಗುತ್ತದೆ ಎಂಬುದು. ಇನ್ನೊಂದು, ಎಲ್ಲ ಚುಕ್ಕೆಗಳೂ ಒಂದೇ ಬಣ್ಣದಲ್ಲಿದ್ದರೆ ಆ ವಾಚು ಖಂಡಿತ ಅಸಲಿ ಎಂಬುದು. ಮೊದಲನೆಯದನ್ನು ನಂಬಿದವರು ಆರೋಗ್ಯ ಕೆಡಿಸಿಕೊಳ್ಳಬಹುದು. ಎರಡನೆಯದನ್ನು ನಂಬಿದವರು ಹಣ ಕಳೆದುಕೊಳ್ಳುತ್ತಾರೆ. ಇವೆರಡರ ಜೊತೆಗೆ, ವಾಚಿನ ಹೊರ ಅಂಚಿನಲ್ಲಿರುವ ಬೆಳಗುವ ಚುಕ್ಕೆಯಾದ 'ಮುತ್ತಿ'ನ ಬಗ್ಗೆಯೂ ಹೇಳಬೇಕಿದೆ.

ನಾನು ಮಂಗಳೂರಿನಲ್ಲಿ ವಾಚ್ ರಿಪೇರಿ ಮಾಡುವವಳು. ತಂದೆಯವರ ನಂತರ ಅವರದೇ ಮೇಜಿನಲ್ಲಿ ಕುಳಿತಿದ್ದೇನೆ. 'ರಿಪೇರಿಯವರು ಎಲ್ಲಿ?' ಎಂದು ಹೊಸ ಗಿರಾಕಿಗಳು ಇಂದಿಗೂ ನನ್ನನ್ನೇ ಕೇಳುತ್ತಾರೆ, ಅದು ಬೇರೆ ಮಾತು. ಕರಾವಳಿಯಾದ್ದರಿಂದ ನನ್ನಲ್ಲಿಗೆ ಡೈವ್ ವಾಚುಗಳು ಬರುವುದು ಹೆಚ್ಚು. ನೀರಿಗೆ ಧುಮುಕುವವರು ತರುವುದಲ್ಲ. ಹಡಗಿನಲ್ಲಿ ದುಡಿದು ಬಂದವರು, ಕೊಲ್ಲಿಯಿಂದ ಊರಿಗೆ ಮರಳಿದವರು, ಅವರ ಮಕ್ಕಳು ತರುವುದು. ಹೆಚ್ಚಿನವು ಸೀಕೋ, ಅದರಲ್ಲೂ 1976ರಿಂದ 1988ರವರೆಗೆ ತಯಾರಾದ 6309 ಮಾದರಿ. ಆಗೊಮ್ಮೆ ಈಗೊಮ್ಮೆ ಒಂದು ಒಮೆಗಾ, ಒಂದು ಫಾವ್ರ್ ಲೂಬಾ. ಬಹಳ ಅಪರೂಪಕ್ಕೆ ಒಂದು ರೋಲೆಕ್ಸ್ ಸಬ್‌ಮರೀನರ್, ಸಿಂಗಪುರದಲ್ಲೋ ಹಾಂಗ್‌ಕಾಂಗ್‌ನಲ್ಲೋ ಹಡಗು ನಿಂತಿದ್ದಾಗ ಕೊಂಡದ್ದು.

ಮೊದಲು ಕೆರೆಯುವ ವಿಷಯ. 1953ರಲ್ಲಿ ಬಂದ ಬ್ಲಾಂಪೇನ್ ಫಿಫ್ಟಿ ಫ್ಯಾದಮ್ಸ್, ಮರುವರ್ಷ ಮಾರುಕಟ್ಟೆಗೆ ಬಂದ ಸಬ್‌ಮರೀನರ್, 1957ರ ಒಮೆಗಾ ಸೀಮಾಸ್ಟರ್ 300, ಇವುಗಳ ಆರಂಭದ ವರ್ಷಗಳ ಡಯಲ್‌ಗಳಲ್ಲಿ ಬೆಳಗುತ್ತಿದ್ದುದು ರೇಡಿಯಂ. ಕೆಲವು ವಾಚುಗಳಲ್ಲಿ ಡಯಲ್ ಮಾತ್ರವಲ್ಲ, ಗಾಜಿನ ಸುತ್ತ ಬಳೆಯಂತೆ ತಿರುಗುವ ಬೆಜಲ್‌ನ ಬೇಕಲೈಟ್ (ಒಂದು ಹಳೆಯ ಗಟ್ಟಿ ಪ್ಲಾಸ್ಟಿಕ್) ಹಾಳೆಯ ಅಡಿಯಲ್ಲೂ ಅದೇ ಇತ್ತು. ಬಣ್ಣದಲ್ಲಿ ಎರಡು ವಸ್ತುಗಳಿರುತ್ತವೆ. ಶಕ್ತಿ ಕೊಡುವುದು ರೇಡಿಯಂ, ಆ ಪೆಟ್ಟು ತಿಂದು ಬೆಳಕು ಬಿಡುವುದು ಜಿಂಕ್ ಸಲ್ಫೈಡ್. ಕೆಲವೇ ದಶಕಗಳಲ್ಲಿ ಜಿಂಕ್ ಸಲ್ಫೈಡ್ ಸುಟ್ಟು ಸುಣ್ಣವಾಗುತ್ತದೆ. ವಾಚು ಬೆಳಗುವುದಿಲ್ಲ, ಆದ್ದರಿಂದ ವಿಕಿರಣವೂ ಮುಗಿದಿರಬೇಕು ಎಂದು ಜನ ಭಾವಿಸುತ್ತಾರೆ. ಆದರೆ ರೇಡಿಯಂನ ಅರ್ಧಾಯುಷ್ಯ, ಅಂದರೆ ಅದರಲ್ಲಿ ಅರ್ಧದಷ್ಟು ಕರಗಲು ಬೇಕಾದ ಕಾಲ, 1,600 ವರ್ಷ. 1955ರ ಡಯಲ್ ಮೇಲೆ ಹಚ್ಚಿದ ರೇಡಿಯಂನಲ್ಲಿ ಶೇಕಡಾ 97ರಷ್ಟು ಇವತ್ತಿಗೂ ಹಾಗೆಯೇ ಕುಳಿತಿದೆ. ದೀಪ ಆರಿದೆ, ಬೆಂಕಿ ಆರಿಲ್ಲ.

ಗಾಜು ಮುಚ್ಚಿರುವ ವಾಚನ್ನು ಎತ್ತಿ ನೋಡಿದರೆ ಯಾರಿಗೂ ಏನೂ ಆಗುವುದಿಲ್ಲ. ಅಪಾಯ ಇರುವುದು ಪುಡಿಯಲ್ಲಿ. ಉಸಿರಿನಲ್ಲೋ ಬೆರಳಿನ ಮೂಲಕ ಬಾಯಿಗೋ ಹೋದ ರೇಡಿಯಂ ಅನ್ನು ದೇಹವು ಸುಣ್ಣದ ಅಂಶವೆಂದು ತಿಳಿದು ಎಲುಬಿನಲ್ಲಿ ಇಟ್ಟುಕೊಳ್ಳುತ್ತದೆ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನಲ್ಲಿ ಡಯಲ್‌ಗಳಿಗೆ ಬಣ್ಣ ಬಳಿಯುತ್ತಿದ್ದ ಹುಡುಗಿಯರಿಗೆ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳಲು ಕಲಿಸಲಾಗಿತ್ತು. ಅವರ ದವಡೆಗಳು ಕೊಳೆತವು. ಗ್ರೇಸ್ ಫ್ರೈಯರ್ ಮತ್ತು ನಾಲ್ವರು ಗೆಳತಿಯರು 1927ರಲ್ಲಿ ಮೊಕದ್ದಮೆ ಹೂಡಿದರು, 1928ರಲ್ಲಿ ರಾಜಿಯಾಯಿತು. ನಾನೂ ದಿನವಿಡೀ ಅಂಥದೇ ಕುಂಚ ಹಿಡಿಯುವವಳಾದ್ದರಿಂದ ಈ ಕತೆಯನ್ನು ಅಂಗಡಿಗೆ ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಹೇಳುತ್ತೇನೆ. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಸೂಜಿ ಹಿಡಿದು ಕೂರುವವರಿಗೆ ನಿಮ್ಮ ಲೇಖನವೂ ಇದನ್ನು ಹೇಳಬೇಕಿತ್ತು. ರೇಡಿಯಂ ಡಯಲ್ ಇದೆ ಎಂಬ ಅನುಮಾನ ಬಂದರೆ ಅದನ್ನು ತೆರೆಯಬಾರದು. ವಿಕಿರಣ ಅಳೆಯುವ ಗೈಗರ್ ಕೌಂಟರ್ ಇರುವವರಿಂದ ಪರೀಕ್ಷಿಸಿಕೊಳ್ಳಬೇಕು. ಅಂಥವನ್ನು ಹಲವಾರು ಸಂಗ್ರಹಿಸಿದವರು ಗಾಳಿಯಾಡದ ಕಪಾಟಿನಲ್ಲಿ ತುಂಬಿಡಬಾರದು, ರೇಡಿಯಂನಿಂದ ರೇಡಾನ್ ಅನಿಲ ಹೊರಡುತ್ತಿರುತ್ತದೆ.

ಅರವತ್ತರ ದಶಕದ ಆರಂಭದಲ್ಲಿ ಸ್ವಿಸ್ ಕಾರ್ಖಾನೆಗಳು ರೇಡಿಯಂ ಬಿಟ್ಟು, ಅದಕ್ಕಿಂತ ತೀರ ಬಲಹೀನ ವಿಕಿರಣದ ಟ್ರಿಟಿಯಂಗೆ ಬಂದವು. ಡಯಲ್‌ನ ಕೆಳ ಅಂಚಿನಲ್ಲಿ, 6ರ ಗುರುತಿನ ಎರಡು ಬದಿಗೆ, 'ಟಿ ಸ್ವಿಸ್ ಟಿ' ಎಂದೋ 'ಸ್ವಿಸ್' ಎಂಬ ಪದದ ಜೊತೆ ಟಿ ಅಕ್ಷರ ಮತ್ತು 25ಕ್ಕಿಂತ ಕಡಿಮೆ ಎಂಬ ಗುರುತೋ ಇದ್ದರೆ ಅದು ಟ್ರಿಟಿಯಂ. 25 ಎಂದರೆ 25 ಮಿಲಿಕ್ಯೂರಿ, ವಿಕಿರಣದ ಅಳತೆ. ಟ್ರಿಟಿಯಂನ ಕಿರಣಕ್ಕೆ ವಾಚಿನ ಗಾಜನ್ನು ದಾಟುವಷ್ಟೂ ಬಲವಿಲ್ಲ. ಅರ್ಧಾಯುಷ್ಯ 12.3 ವರ್ಷ ಮಾತ್ರ. ಲೆಕ್ಕ ಹಾಕಿ ನೋಡಿ, 1970ರ ವಾಚಿನಲ್ಲಿ ಹಾಕಿದ್ದ ಟ್ರಿಟಿಯಂನ ಇಪ್ಪತ್ತರಲ್ಲೊಂದು ಪಾಲೂ ಇಂದು ಉಳಿದಿಲ್ಲ. ಹಾಗೆಂದು ಅದನ್ನೂ ಉಗುರಿನಲ್ಲಿ ಕೆರೆಯಬೇಕಾಗಿಲ್ಲ. 1998ರ ಸುಮಾರಿಗೆ ಟ್ರಿಟಿಯಂ ಬಣ್ಣವೂ ಹೋಗಿ, ಜಪಾನಿನ ನೆಮೊಟೊ ಕಂಪನಿ ಕಂಡುಹಿಡಿದ ಲೂಮಿನೋವಾ ಬಂತು. ಸ್ಟ್ರಾಂಷಿಯಂ ಅಲ್ಯೂಮಿನೇಟಿನ ಈ ಪುಡಿಗೆ ವಿಕಿರಣ ಬೇಡ, ಹಗಲಿನ ಬೆಳಕನ್ನು ಕುಡಿದು ರಾತ್ರಿ ಬಿಡುತ್ತದೆ. ಅಂಗಡಿಗೆ ಬಂದು 'ಸ್ವಲ್ಪ ರೇಡಿಯಂ ಹಾಕಿ ಕೊಡಿ' ಎನ್ನುವವರಿಗೆಲ್ಲ ನಾನು ಹಾಕಿಕೊಡುವುದು ಇದನ್ನೇ.

ಇನ್ನು ಈ ಪತ್ರದ ಮುಖ್ಯ ವಿಷಯ, ಮುತ್ತು. ಡೈವ್ ವಾಚಿನ ಬೆಜಲ್ ಮೇಲೆ ಶೂನ್ಯದ ಗುರುತಿನಲ್ಲಿ ಒಂದು ತ್ರಿಕೋನವಿರುತ್ತದೆ, ಅದರ ನಡುವೆ ಎಳ್ಳಿಗಿಂತ ತುಸು ದೊಡ್ಡದಾದ ಒಂದು ಗುಂಡನೆಯ ಬಿಂದು. ನೀರಿಗಿಳಿಯುವ ಮೊದಲು ಮುಳುಗುಗಾರ ಈ ಬಿಂದುವನ್ನು ನಿಮಿಷದ ಮುಳ್ಳಿನ ಎದುರಿಗೆ ತಿರುಗಿಸಿಡುತ್ತಾನೆ. ಆಮೇಲೆ ಕಳೆದ ನಿಮಿಷಗಳನ್ನು ಬೆಜಲ್‌ನ ಅಂಕಿಗಳಲ್ಲೇ ಓದಿಕೊಳ್ಳುತ್ತಾನೆ. ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿರಬಹುದು ಎಂಬ ಅಂದಾಜು ಈ ಬಿಂದುವಿನ ಮೇಲೆ ನಿಂತಿರುತ್ತಿತ್ತು. ಡೈವ್ ವಾಚಿನ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 6425 ಕೂಡ ಇದನ್ನೇ ಕೇಳುತ್ತದೆ. ಕತ್ತಲಲ್ಲಿ 25 ಸೆಂಟಿಮೀಟರ್ ದೂರದಿಂದ ಸಮಯವೂ ಕಾಣಬೇಕು, ಬೆಜಲ್‌ನಲ್ಲಿ ಗುರುತು ಮಾಡಿಟ್ಟ ಹೊತ್ತೂ ಕಾಣಬೇಕು, ವಾಚು ನಡೆಯುತ್ತಿದೆ ಎಂಬುದೂ ಕಾಣಬೇಕು.

ಹಳೆಯ ಸಬ್‌ಮರೀನರ್‌ನಲ್ಲಿ ಈ ಮುತ್ತು ಎಂದರೆ ಒಂದು ಪುಟ್ಟ ಲೋಹದ ಬಟ್ಟಲು, ಒಳಗೆ ಬೆಳಗುವ ಬಣ್ಣ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಗುಮ್ಮಟ. ಅದನ್ನು ಬೆಜಲ್ ಮೇಲಿನ ಅಂಕಿಗಳಿರುವ ಅಲ್ಯೂಮಿನಿಯಂ ಪಟ್ಟಿಯ, ಅಂದರೆ ಇನ್‌ಸರ್ಟ್‌ನ ತೂತಿನಲ್ಲಿ ಕೂರಿಸಿರುತ್ತಾರೆ. ಇಡೀ ವಾಚಿನಲ್ಲಿ ಗಾಜಿನ ಹೊರಗಿರುವ ಬೆಳಗುವ ಭಾಗ ಇದೊಂದೇ. ಬಿಸಿಲು, ಬೆವರು, ಉಪ್ಪುನೀರು, ಸಾಬೂನು, ಅಂಗಿಯ ತೋಳು, ಹಡಗಿನ ಕಬ್ಬಿಣದ ಬಾಗಿಲು, ಎಲ್ಲವೂ ತಗಲುವುದು ಇದಕ್ಕೇ. ಎಲ್ಲಕ್ಕಿಂತ ಮೊದಲು ಬಿದ್ದುಹೋಗುವುದೂ ಇದೇ. ಬಿದ್ದದ್ದು ಯಾವಾಗ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಖಾಲಿ ತೂತಿಗೆ ಹೊಸ ಮುತ್ತನ್ನು ಹಾಕುವುದು ಕಷ್ಟದ ಕೆಲಸವಲ್ಲ. ಹಾಕಿದ ಮೇಲೆ ಅದು ಹಳೆಯ ಹಂಚಿನ ಮಾಡಿನಲ್ಲಿ ಒಂದೇ ಒಂದು ಹೊಸ ಹಂಚಿನಂತೆ ದೂರದಿಂದಲೇ ಕಾಣುತ್ತದೆ. ಡಯಲ್‌ನ ಟ್ರಿಟಿಯಂ ಐವತ್ತು ವರ್ಷಗಳಲ್ಲಿ ಕೆನೆಬಣ್ಣಕ್ಕೋ ತಿಳಿ ಬೆಲ್ಲದ ಬಣ್ಣಕ್ಕೋ ತಿರುಗಿರುತ್ತದೆ. ಹೊಸ ಮುತ್ತು ಹಸಿರು ಮಿಶ್ರಿತ ಬಿಳಿ. ಅದಕ್ಕೇ ಬಣ್ಣ ಹೊಂದಿಸುವ ಕೆಲಸ. ನೋಡಲು ಅರ್ಧ ಗಂಟೆಯ ಕೆಲಸ, ಮಾಡಲು ಕುಳಿತರೆ ವಾರ ಹಿಡಿಯುತ್ತದೆ.

ಮೊದಲನೆಯದಾಗಿ, ಟ್ಯೂಬ್‌ಲೈಟ್ ಅಡಿಯಲ್ಲಿ ಹೊಂದಿಸಿದ ಬಣ್ಣ ಬಿಸಿಲಿಗೆ ಹಿಡಿದಾಗ ಬೇರೆಯೇ ಆಗಿ ಕಾಣುತ್ತದೆ. ಆದ್ದರಿಂದ ನಾನು ಬಣ್ಣ ಕಲಸುವುದು ಉತ್ತರದ ಕಿಟಕಿಯ ಬಳಿ, ಬೆಳಗ್ಗೆ ಮಾತ್ರ. ಎರಡನೆಯದು, ಒದ್ದೆಯಾಗಿದ್ದಾಗ ಕಾಣುವ ಬಣ್ಣ ಒಣಗಿದಾಗ ಇರುವುದಿಲ್ಲ. ಪ್ರತಿ ಮಿಶ್ರಣದ ಒಂದು ಹನಿಯನ್ನು ಗಾಜಿನ ತುಂಡಿನ ಮೇಲಿಟ್ಟು, ರಾತ್ರಿಯಿಡೀ ಒಣಗಲು ಬಿಟ್ಟು, ಮರುದಿನ ಡಯಲ್ ಪಕ್ಕದಲ್ಲಿ ಹಿಡಿದು ನೋಡಬೇಕು. ಮಳೆಗಾಲದಲ್ಲಿ ಇದು ಒಣಗುವುದೇ ಇಲ್ಲ. ಸ್ಟ್ರಾಂಷಿಯಂ ಅಲ್ಯೂಮಿನೇಟಿಗೆ ನೀರು ಆಗಿಬರುವುದೂ ಇಲ್ಲ, ತೇವ ಹೀರಿದರೆ ಬೆಳಗುವ ಗುಣವನ್ನೇ ಕಳೆದುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ, ಯಾರು ಎಷ್ಟು ಅವಸರ ಮಾಡಿದರೂ.

ಮೂರನೆಯದನ್ನು ಯಾವ ವಿಡಿಯೊದಲ್ಲೂ ಹೇಳಿದ್ದನ್ನು ನಾನು ನೋಡಿಲ್ಲ. ಮುತ್ತಿನ ಮೇಲೆ ಗುಮ್ಮಟವಿದೆಯಲ್ಲ, ಅದು ಒಳಗಿನ ಬಣ್ಣವನ್ನು ದೊಡ್ಡದು ಮಾಡಿ, ಗಾಢವಾಗಿಯೂ ತೋರಿಸುತ್ತದೆ. ಡಯಲ್‌ಗೆ ಸರಿಯಾಗಿ ಹೊಂದುವ ಬಣ್ಣವನ್ನು ಒಳಗೆ ತುಂಬಿದರೆ ಹೊರಗಿನಿಂದ ಒಂದು ಛಾಯೆ ಹೆಚ್ಚಾಗಿ ಕಾಣುತ್ತದೆ. ಆದ್ದರಿಂದ ತುಸು ತಿಳಿಯಾಗಿಯೇ ಕಲಸಬೇಕು. ಕಂದು, ಹಳದಿ ಬಣ್ಣಗಳನ್ನು ಸೇರಿಸಿದಷ್ಟೂ ಬೆಳಕು ಕುಗ್ಗುತ್ತದೆ ಎಂಬುದು ಇನ್ನೊಂದು ತೊಡಕು. ಬಣ್ಣ ಸುಲಭವಾಗಿ ಬೆರೆಯಲಿ ಎಂದು ಪುಡಿಯನ್ನು ಅರೆಯುವವರಿದ್ದಾರೆ. ಕಾಳು ಸಣ್ಣದಾದಂತೆ ಬೆಳಗುವ ಶಕ್ತಿಯೂ ಹೋಗುತ್ತದೆ. ಚಹಾದ ನೀರಿನಲ್ಲಿ ನೆನೆಸುವ ಉಪಾಯವನ್ನೂ ಕೇಳಿದ್ದೇನೆ. ಚಹಾ ಕುಡಿಯಲು ಚೆನ್ನಾಗಿರುತ್ತದೆ.

ಹಾಗಾಗಿ ಗಿರಾಕಿಯನ್ನು ಮೊದಲೇ ಕೇಳುತ್ತೇನೆ: ಹಗಲಿನಲ್ಲಿ ಹೊಂದಬೇಕೋ, ರಾತ್ರಿಯಲ್ಲಿ ಬೆಳಗಬೇಕೋ? ಡಯಲ್ ಪೂರ್ತಿ ನಂದಿರುವ ವಾಚಿನಲ್ಲಿ ಬೆಜಲ್‌ನ ಬಿಂದು ಒಂದೇ ಹಸಿರಾಗಿ ಉರಿಯುತ್ತಿದ್ದರೆ ಅದರಿಂದ ಉಪಯೋಗವೂ ಇಲ್ಲ, ಚಂದವೂ ಇಲ್ಲ. ಇಂಥ ವಾಚಿಗೆ ನಾನು ಬೆಳಗುವ ಪುಡಿಯನ್ನೇ ಬಿಟ್ಟು, ಬರೀ ಬಣ್ಣ ಮತ್ತು ಮಂದ ವಾರ್ನಿಶ್ ಸೇರಿಸಿ ಮುತ್ತು ತುಂಬುತ್ತೇನೆ. ಇಂದಿಗೂ ರಾತ್ರಿ ಪಾಳಿಯಲ್ಲಿ ಅದೇ ವಾಚು ಕಟ್ಟಿಕೊಂಡು ಎಂಜಿನ್ ಕೋಣೆಗೆ ಇಳಿಯುವವರು ಬಂದರೆ ಮಾತೇ ಬೇರೆ. ಅವರ 6309ಕ್ಕೆ ಮುಳ್ಳು, ಮುತ್ತು ಎಲ್ಲವನ್ನೂ ಹೊಸದಾಗಿ ಬೆಳಗುವಂತೆ ಮಾಡಿಕೊಡುತ್ತೇನೆ, ಸಂಗ್ರಾಹಕರು ಏನೇ ಅನ್ನಲಿ. ವಾಚು ಇರುವುದು ಹೊತ್ತು ನೋಡಲಿಕ್ಕೆ.

ಈಗ ನಿಮ್ಮ ಲೇಖನದ ಎರಡನೆಯ ಮಾತು. ಎಲ್ಲ ಚುಕ್ಕೆಗಳೂ ಒಂದೇ ಬಣ್ಣವಾದರೆ ಅಸಲಿ ಎಂದಿದ್ದೀರಿ. ಡಯಲ್‌ನ ಬಣ್ಣ ಕುಳಿತಿರುವುದು ಬಣ್ಣ ಹಚ್ಚಿದ ಲೋಹದ ತಟ್ಟೆಯ ಮೇಲೆ. ಮುಳ್ಳಿನ ಬಣ್ಣಕ್ಕೆ ಅಡಿಯಲ್ಲಿ ಏನೂ ಇಲ್ಲ, ಕಿಟಕಿಯಂಥ ತೆರವಿನಲ್ಲಿ ಎರಡು ಅಂಚನ್ನು ಹಿಡಿದು ತೂಗುತ್ತಿರುತ್ತದೆ. ಮುತ್ತಂತೂ ಗಾಜಿನ ಹೊರಗೆ ಬಿಸಿಲಿನಲ್ಲೇ ಬೆಳೆದದ್ದು. ಮೂರಕ್ಕೂ ಬಣ್ಣ ತುಂಬಿದ್ದು ಒಂದೇ ದಿನವಲ್ಲ, ಒಂದೇ ಡಬ್ಬಿಯಿಂದಲೂ ಅಲ್ಲ. ಇವೆಲ್ಲ ಐವತ್ತು ವರ್ಷ ಕಳೆದ ಮೇಲೆ ಒಂದೇ ಬಣ್ಣಕ್ಕೆ ಬಂದು ನಿಲ್ಲಬೇಕೆಂದು ಯಾವ ನಿಯಮವಿದೆ? ಮುಟ್ಟದ ಹಳೆಯ ವಾಚಿನಲ್ಲಿ ಮುಳ್ಳು ಒಂದು ಛಾಯೆ ಗಾಢವಾಗಿರುವುದು, ಮುತ್ತು ತುಸು ಬಿಳಿಚಿಕೊಂಡಿರುವುದು ಸಾಮಾನ್ಯ. ಎಲ್ಲವೂ ತೂಕಕ್ಕಿಟ್ಟಂತೆ ಒಂದೇ ಬಣ್ಣವಾಗಿದ್ದರೆ ನಾನು ಅನುಮಾನದಿಂದ ಐಗ್ಲಾಸ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ) ತೆಗೆದುಕೊಳ್ಳುತ್ತೇನೆ. ಹಾಗೆ ಹೊಂದಿರುವ ವಾಚುಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನೇ ಪರೀಕ್ಷೆಯ ಅಳತೆಗೋಲು ಮಾಡಿದರೆ ಮೋಸ ಮಾಡುವವರಿಗೆ ಏನು ಮಾಡಬೇಕೆಂದು ನಾವೇ ಹೇಳಿಕೊಟ್ಟಂತಾಗುತ್ತದೆ.

ಓದುಗರಿಗೆ ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ನೋಟು ನೋಡುವ ನೇರಳಾತೀತ ಟಾರ್ಚನ್ನು ಕತ್ತಲ ಕೋಣೆಯಲ್ಲಿ ವಾಚಿನ ಮೇಲೆ ಹಿಡಿದು ಆರಿಸಿ. ಟ್ರಿಟಿಯಂ ಕಾಲದ ಜಿಂಕ್ ಸಲ್ಫೈಡ್ ಟಾರ್ಚ್ ಇರುವಾಗ ಬೆಳಗಬಹುದು, ಆರಿಸಿದ ಕೂಡಲೇ ಅಥವಾ ಕೆಲವು ಕ್ಷಣಗಳಲ್ಲಿ ನಂದಿಹೋಗುತ್ತದೆ. ಟಾರ್ಚ್ ಆರಿದ ಮೇಲೂ ನಿಮಿಷಗಟ್ಟಲೆ ಉರಿಯುತ್ತಿದ್ದರೆ ಅದು 1990ರ ದಶಕದ ಈಚೆಗಿನ ಪುಡಿ. ಡಯಲ್‌ನ ಕೆಳಗೆ ಬರೀ 'ಸ್ವಿಸ್' ಎಂದಷ್ಟೇ ಇದ್ದರೆ ಇನ್ನೂ ಎಚ್ಚರ ಬೇಕು. ರೇಡಿಯಂ ಕಾಲದ ರೋಲೆಕ್ಸ್ ಡಯಲ್‌ನಲ್ಲಿಯೂ ಹಾಗೇ ಇತ್ತು, 1998ರ ಸುಮಾರಿನ ಲೂಮಿನೋವಾ ಡಯಲ್‌ನಲ್ಲಿಯೂ ಹಾಗೇ ಇತ್ತು. ಎರಡರಲ್ಲಿ ಯಾವುದೆಂದು ಟಾರ್ಚ್ ಹೇಳುತ್ತದೆ. 1967ರ ವಾಚಿನಲ್ಲಿ ಅಂಥ ಲೂಮಿನೋವಾ ಡಯಲ್ ಕಂಡರೆ ಸರ್ವೀಸಿನಲ್ಲಿ ಬದಲಾದದ್ದು ಎಂದು ತಿಳಿಯಬೇಕು. ಇದು ಮೋಸವಲ್ಲ. ಕಂಪನಿಗಳ ಸರ್ವೀಸಿನಲ್ಲಿ ಹಳೆಯ ಡಯಲ್, ಮುಳ್ಳು ತೆಗೆದು ಹೊಸದು ಹಾಕುವುದು ವಾಡಿಕೆಯೇ. ಇದ್ದದ್ದನ್ನು ಇದ್ದಂತೆ ಹೇಳಿ ಮಾರಿದರೆ ಯಾರದೂ ತಕರಾರಿಲ್ಲ.

ನನ್ನ ತಕರಾರು ಇರುವುದು ಹೇಳದೇ ಇರುವುದರಲ್ಲಿ. ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ತಮ್ಮ ಸಬ್‌ಮರೀನರ್ 5513 ತಂದಿದ್ದರು. ಎಪ್ಪತ್ತರ ದಶಕದಲ್ಲಿ ಕೊಂಡದ್ದು, ಮುತ್ತು ಬಿದ್ದುಹೋಗಿತ್ತು, ಕಪ್ಪು ಇನ್‌ಸರ್ಟ್ ಬಿಸಿಲಿಗೆ ಬೂದಿಬಣ್ಣವಾಗಿತ್ತು. ಡಯಲ್ ಅನ್ನು ಮುಟ್ಟುವುದು ಬೇಡ, ಇನ್‌ಸರ್ಟ್ ಬದಲಾಯಿಸುವುದೂ ಬೇಡ, ತೂತೊಂದು ತುಂಬಿದರೆ ಸಾಕು ಎಂದರು. ನನಗೂ ಅದೇ ಸರಿ ಎನಿಸಿತು. ಮುಳ್ಳಿನ ಬಣ್ಣಕ್ಕಿಂತ ಅರ್ಧ ಛಾಯೆ ತಿಳಿಯಾಗಿ ಕಲಸಿ ಮುತ್ತು ಕೂರಿಸಿದೆ. ಹಿರಿಯರು ಕೈಯಲ್ಲಿ ತಿರುಗಿಸಿ ನೋಡಿ, 'ಇಷ್ಟು ದಿನ ಎಲ್ಲಿತ್ತಮ್ಮಾ ಇದು?' ಎಂದು ನಕ್ಕರು. ಬಿಲ್ಲಿನಲ್ಲಿ ಎಂದಿನಂತೆ ಬರೆದೆ: ಬೆಜಲ್ ಮುತ್ತು ಹೊಸದು, ಬಣ್ಣ ಹೊಂದಿಸಿದ್ದು, ಬೆಳಗುವುದಿಲ್ಲ; ಡಯಲ್ ಮತ್ತು ಮುಳ್ಳು ಮುಟ್ಟಿಲ್ಲ.

ಕೆಲವು ತಿಂಗಳ ನಂತರ ಅವರ ಮಗ ಬಂದರು. ವಾಚನ್ನು ಮಾರುವ ಮಾತು ನಡೆದಿತ್ತು. ಬಿಲ್ಲಿನ ಆ ಸಾಲನ್ನು ಬಿಟ್ಟು ಬೇರೆ ಬಿಲ್ ಕೊಡಬಹುದೇ ಎಂದು ಕೇಳಿದರು. 'ಅಕ್ಕಾ, ಇಷ್ಟು ಸಣ್ಣ ಚುಕ್ಕೆ, ಯಾರು ನೋಡುತ್ತಾರೆ?' ಎಂದರು. ಯಾರೂ ನೋಡುವುದಿಲ್ಲವೆಂದಾದರೆ ಸಾಲು ಇದ್ದರೆ ತೊಂದರೆ ಏನು ಎಂದೆ. ಅವರು ಬೇಸರ ಮಾಡಿಕೊಂಡು ಹೋದರು. ಆಮೇಲೆ ವಾಚು ಮಾರಾಟವಾಯಿತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಅವರು ಕೆಟ್ಟವರೇನಲ್ಲ. ಆ ಚುಕ್ಕೆ ಅಸಲಿಯಾದರೆ ಒಂದು ಬೆಲೆ, ಅಲ್ಲದಿದ್ದರೆ ಇನ್ನೊಂದು ಬೆಲೆ ಎಂದು ಯಾರೋ ಅವರಿಗೆ ಹೇಳಿದ್ದರು, ಅಷ್ಟೆ. ಹಾಗೆ ಹೇಳುವವರೇ ಈಗ ಹೆಚ್ಚು.

ಸೀಕೋಗಳ ವಿಷಯದಲ್ಲಿ ಈ ಗೊಂದಲ ಇನ್ನೂ ದೊಡ್ಡದು. 6309ಕ್ಕೆ ಬೇಕಾದ ಡಯಲ್, ಮುಳ್ಳು, ಇನ್‌ಸರ್ಟ್ ಎಲ್ಲವೂ ಬೇರೆ ತಯಾರಕರಿಂದ ಧಾರಾಳವಾಗಿ ಬರುತ್ತವೆ. ಗುಣಮಟ್ಟ ಕೆಟ್ಟದೆಂದಲ್ಲ, ಕೆಲವು ಚೆನ್ನಾಗಿಯೇ ಇವೆ. ಹಳೆಯ ಕೇಸಿಗೆ ಇವನ್ನೆಲ್ಲ ಜೋಡಿಸಿ, ಮುತ್ತಿಗೆ ಬೇಕೆಂದೇ ಕಂದು ಬಣ್ಣ ತುಂಬಿ, 'ಅಜ್ಜನ ವಾಚು, ಪೂರ್ತಿ ಅಸಲಿ' ಎಂದು ಮಾರುವುದನ್ನು ನೋಡುತ್ತಿದ್ದೇನೆ. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿಗೂ ಇದೇ ಗತಿ ಬಂದಿದೆ. ಡೈವ್ ವಾಚಲ್ಲದಿದ್ದರೂ ಕಪ್ಪು ಡಯಲ್‌ನ ಎಚ್‌ಎಂಟಿ ಪೈಲಟ್‌ಗಳಿಗೆ ಎಲ್ಲಿಯೋ ಹೊಸ ಡಯಲ್ ಅಚ್ಚು ಹಾಕಿಸಿ, ದಪ್ಪ ಹಸಿರು ಚುಕ್ಕೆ ಇಟ್ಟು ಮಾರುತ್ತಾರೆ. 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನ ಬಂದ ಮೇಲೆ ಈ ವ್ಯಾಪಾರ ಜೋರಾಯಿತು ಎಂಬುದು ನನ್ನ ಅಂಗಡಿಯ ಅನುಭವ.

ಆದ್ದರಿಂದ ಸಂಪಾದಕರಲ್ಲಿ ನನ್ನ ಕೋರಿಕೆ ಎರಡು. ಕೆರೆಯುವ ಸಲಹೆಗೆ ದಯವಿಟ್ಟು ಮುಂದಿನ ಭಾನುವಾರವೇ ತಿದ್ದುಪಡಿ ಹಾಕಿ, ಈ ಪತ್ರಕ್ಕೆ ಜಾಗವಿಲ್ಲದಿದ್ದರೂ ಪರವಾಗಿಲ್ಲ. ನಿಮ್ಮ ವರ್ಗೀಕೃತ ಜಾಹೀರಾತಿನ ಪುಟದಲ್ಲಿ ಹಳೆಯ ವಾಚು ಮಾರುವವರಿಂದ ಡಯಲ್, ಮುಳ್ಳು, ಬೆಜಲ್ ಮುತ್ತು, ಈ ಮೂರರಲ್ಲಿ ಯಾವುದು ಬದಲಾಗಿದೆ ಎಂದು ಒಂದು ಸಾಲು ಬರೆಸಿಕೊಳ್ಳಿ. ಕಾರು ಮಾರುವವರು ಎಂಜಿನ್ ಬಿಚ್ಚಿದ್ದಾರೆಯೇ ಎಂದು ಹೇಳುತ್ತಾರೆ, ವಾಚಿನವರೂ ಹೇಳಲಿ. ರಿಪೇರಿಯವರಲ್ಲಿಯೂ ಒಂದು ಮಾತು: ಒಡೆದ ಮುತ್ತಾದರೂ ಸರಿ, ತೆಗೆದ ಭಾಗವನ್ನು ಎಸೆಯದೆ ಮುಚ್ಚಿದ ಪ್ಲಾಸ್ಟಿಕ್ ಪೊಟ್ಟಣದಲ್ಲಿಟ್ಟು, ಟ್ರಿಟಿಯಂ ಆಗಿದ್ದರೆ ಹಾಗೆಂದು ಮೇಲೆ ಬರೆದು ಬಿಲ್ಲಿನ ಜೊತೆ ಗಿರಾಕಿಗೇ ಕೊಡಿ. ಅದು ಅವರದು.

ಇತಿ ನಮಸ್ಕಾರಗಳೊಂದಿಗೆ,
ಒಬ್ಬಳು ವಾಚ್ ರಿಪೇರಿಗಾರ್ತಿ
ಮಂಗಳೂರು